101ಕ್ಕೆ 101 ಪಾಸ್‌ವರ್ಡ್ ಇಡಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಮಂಡಿ, ಸೊಸೈಟಿ, ಹೋಂಸ್ಟೇ ನಡೆಸುವವರು ಯಾರಾದರೂ ರೇಡಿಯೋ ಹತ್ತಿರ ಇದ್ದರೆ ಇದು ನಿಮಗೇ ಹೇಳುತ್ತಿರುವುದು.

ಆಫೀಸಿನಲ್ಲಿ ಹತ್ತು ಫೋನ್ ಬೇಕು ಅಂದರೆ ದುಬಾರಿ ಇಂಟರ್‌ಕಾಂ ಪೆಟ್ಟಿಗೆ ತರಬೇಕಾಗಿಲ್ಲ. ಸಾಮಾನ್ಯ ಕಂಪ್ಯೂಟರನ್ನೇ ಫೋನ್ ಎಕ್ಸ್‌ಚೇಂಜ್ ಮಾಡುವ ಆಸ್ಟರಿಸ್ಕ್ ಅಂತ ಒಂದು ಸಾಫ್ಟ್‌ವೇರ್ ಇದೆ, ಪುಕ್ಕಟೆ. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್, ತನ್ನ ಕಂಪನಿಗೆ ಎಕ್ಸ್‌ಚೇಂಜ್ ಕೊಳ್ಳುವಷ್ಟು ದುಡ್ಡಿಲ್ಲ ಅಂತ ತಾನೇ ಬರೆದದ್ದು. ಮೂಲೆಯಲ್ಲಿ ಬಿದ್ದಿರುವ ಕಂಪ್ಯೂಟರಿಗೆ ಡೆಬಿಯನ್ 12 ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿ, ಆಸ್ಟರಿಸ್ಕನ್ನು ಸುಲಭವಾಗಿ ನಡೆಸಲಿಕ್ಕಿರುವ ಫ್ರೀಪಿಬಿಎಕ್ಸ್ 17ರ ಸ್ಕ್ರಿಪ್ಟ್ ಓಡಿಸಿ. ಆಸ್ಟರಿಸ್ಕ್ ಅದರ ಜೊತೆಗೇ ಬರುತ್ತದೆ, ಮುಂದಿನದೆಲ್ಲ ಬ್ರೌಸರಿನಲ್ಲೇ ಮಾಡಬಹುದು. ಇದು ಸುಲಭ. ಕಷ್ಟ ಇರುವುದು ಪಾಸ್‌ವರ್ಡಿನಲ್ಲಿ.

ಸಾಗರದ ಕಡೆ ಒಂದು ಅಡಿಕೆ ಮಂಡಿ. ಕೌಂಟರಿಗೆ 101, ಗೋಡೌನಿಗೆ 102, ಯಜಮಾನರ ಮನೆಗೆ 103. ಇಂಥ ಹೊಸ ಒಳನಂಬರು, ಅಂದರೆ ಎಕ್ಸ್‌ಟೆನ್ಷನ್, ಮಾಡಿದಾಗ ಫ್ರೀಪಿಬಿಎಕ್ಸ್ ತಾನೇ ಒಂದು ಉದ್ದದ ಪಾಸ್‌ವರ್ಡ್ ಕೊಡುತ್ತದೆ. ಕೂರಿಸಿದ ಹುಡುಗ ಅದನ್ನು ಅಳಿಸಿ 101ಕ್ಕೆ 101 ಅಂತಲೇ ಇಟ್ಟಿದ್ದ, ನೆನಪಿರಲಿ ಅಂತ. ಮನೆಯಿಂದಲೂ ಮಾತಾಡಬೇಕು ಅಂತ ರೂಟರಿನಲ್ಲಿ 5060 ಪೋರ್ಟನ್ನೂ, ಅಂದರೆ ಇಂಟರ್‌ನೆಟ್ ಫೋನ್ ಕಾಲ್ ಒಳಗೆ ಬರುವ ಬಾಗಿಲನ್ನೂ, ತೆರೆದುಬಿಟ್ಟಿದ್ದ. ಜುಲೈ ತಿಂಗಳು, ಮಳೆ ಬಿಟ್ಟೇ ಇರಲಿಲ್ಲ, ಸೋಮವಾರ ಬೆಳಿಗ್ಗೆ ಯಜಮಾನರ ಫೋನ್: "ಸಾರ್, ರೈತರು ರೇಟು ಕೇಳಲಿಕ್ಕೆ ಮಾಡಿದರೆ ಲೈನ್ ಬರೀ ಬ್ಯುಸಿ, ಇಲ್ಲಿ ನೋಡಿದರೆ ಯಾರೂ ರಿಸೀವರ್ ಎತ್ತೇ ಇಲ್ಲ!" ಹೋಗಿ ಸರ್ವರ್ ಪರದೆ ನೋಡಿದೆ. 101ರಿಂದ ಕಾಲ್ ಮೇಲೆ ಕಾಲ್, ಎಲ್ಲ ವಿದೇಶದ ನಂಬರುಗಳಿಗೆ. 101ರ ಫೋನು ಮಾತ್ರ ತೂಕದ ಚೀಟಿಗಳ ಕೆಳಗೆ ಸುಮ್ನೆ ಬಿದ್ದಿತ್ತು. ಮೊದಲು ನೆಟ್ ಕೇಬಲ್ ಕಿತ್ತೆ, ಆಮೇಲೆ ಮಾತು. ಹೊರಗಿನ ಲೈನಿಗೆ ತುಂಬಿಸಿದ್ದ ದುಡ್ಡೆಲ್ಲ ಎರಡು ರಾತ್ರಿಯಲ್ಲಿ ಖಾಲಿಯಾಗಿತ್ತು.

ನಮ್ಮ ಸಣ್ಣ ಊರಿನ ಮಂಡಿ ಯಾರಿಗೆ ಗೊತ್ತಾಗುತ್ತದೆ ಅಂತೀರಲ್ವಾ? ಯಾರೂ ಕೂತು ಹುಡುಕುವುದಿಲ್ಲ ಸ್ವಾಮಿ, ತೆರೆದ 5060 ಎಲ್ಲಿದೆ ಅಂತ ಪ್ರೋಗ್ರಾಮುಗಳು ಹಗಲೂ ರಾತ್ರಿ ತಟ್ಟುತ್ತಲೇ ಇರುತ್ತವೆ, ಸಿಕ್ಕ ಕಡೆ 100ಕ್ಕೆ 100, 101ಕ್ಕೆ 101 ಅಂತ ಹಾಕಿ ನೋಡುತ್ತವೆ. ಹೊಂದಿತೋ, ನಿಮ್ಮ ನಂಬರಿನಿಂದ ನಿಮ್ಮ ದುಡ್ಡಿನಲ್ಲೇ ಕಾಲ್ ಶುರು. ಅದಕ್ಕೇ ಮತ್ತೆ ಹೇಳುತ್ತೇನೆ, ಅದು ಕೊಟ್ಟ ಪಾಸ್‌ವರ್ಡ್ ಅಳಿಸಬೇಡಿ. ಮನೆಯಿಂದ ಬೇಕಾದರೆ ವಿಪಿಎನ್, ಅಂದರೆ ಇಂಟರ್‌ನೆಟ್ಟಿನಲ್ಲೇ ನಿಮಗಷ್ಟೇ ಇರುವ ಗುಟ್ಟಿನ ದಾರಿ, ಹಾಕಿಸಿ, 5060 ತೆರೆಯಬೇಡಿ. ಹೊರದೇಶದ ಕಾಲ್ ಬೇಡವಾದರೆ ಆ ದಾರಿಯನ್ನೇ ಮುಚ್ಚಿಸಿ.

ಒಂದು ಕಡೆ ಮಾತ್ರ ಧ್ವನಿ ಕೇಳುವ ತೊಂದರೆ ಬಗ್ಗೆಯೂ ಹೇಳಬೇಕಿತ್ತು, ಹೊತ್ತಾಯಿತು. ಜಾಸ್ತಿ ಸಲ ಅದು ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ನ್ಯಾಟ್ ಸೆಟ್ಟಿಂಗಿನದೇ ಕೆಲಸ, ಅಲ್ಲಿ ನಿಮ್ಮ ಹೊರಗಿನ ಐಪಿ, ಅಂದರೆ ಇಂಟರ್‌ನೆಟ್ ವಿಳಾಸ, ಸರಿ ಇದೆಯಾ ನೋಡಿ. ಆದರೆ ಅದಕ್ಕೂ ಮೊದಲು, ಇವತ್ತೇ, ಫ್ರೀಪಿಬಿಎಕ್ಸ್‌ನಲ್ಲಿ 101 ತೆರೆದು ಸೀಕ್ರೆಟ್ ಅನ್ನುವ ಪಾಸ್‌ವರ್ಡಿನ ಜಾಗದಲ್ಲಿ ಏನಿದೆ ನೋಡಿ.