ಹೆರಾತ್‌ನಲ್ಲಿ ಸುಟ್ಟ ಪೇಟಿ

ನಮಸ್ಕಾರ. ಇವತ್ತು ಒಂದು ಪಟ್ಟಿ ಓದಿ ಮಾತು ಶುರು ಮಾಡ್ತೀನಿ.

ಒಂದು ಗಿಟಾರ್. ಇನ್ನೆರಡು ತಂತಿವಾದ್ಯ. ಒಂದು ಹಾರ್ಮೋನಿಯಂ. ಒಂದು ತಬಲಾ. ಜೊತೆಗೆ ಆಂಪ್ಲಿಫೈಯರು, ಸ್ಪೀಕರುಗಳು.

2023ರ ಜುಲೈ ತಿಂಗಳಲ್ಲಿ ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ತಾಲಿಬಾನ್ ಅಧಿಕಾರಿಗಳು ಇಷ್ಟನ್ನೂ ಗುಡ್ಡೆ ಹಾಕಿ ಬೆಂಕಿ ಇಟ್ಟರು. ಹೆಚ್ಚಿನವು ಮದುವೆ ಮಂಟಪಗಳಿಂದ ಕಸಿದು ತಂದ ಸಾಮಾನು. ಸಂಗೀತದಿಂದ ಜನರ ನಡತೆ ಕೆಡುತ್ತೆ, ಯುವಕರು ದಾರಿ ತಪ್ಪುತ್ತಾರೆ ಅಂತ ಅವರ ವಿವರಣೆ.

ಹಾರ್ಮೋನಿಯಂ ಅನ್ನೋ ಪದ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಅಜ್ಜನ ಪೇಟಿ. ಧಾರವಾಡದ ಕಡೆ ನಾವು ಹಾರ್ಮೋನಿಯಂಗೆ ಪೇಟಿ ಅಂತೀವಿ. ಊರಿನ ಭಜನಾ ಮೇಳದಲ್ಲಿ ಅಜ್ಜ ಅದನ್ನ ನುಡಿಸ್ತಿದ್ದ. ಶನಿವಾರ ರಾತ್ರಿ ಭಜನಿ ಮುಗಿಸಿ ಬಂದವನೇ ಅದರ ತಿದಿ ಮುಚ್ಚಿ, ಕೊಂಡಿ ಹಾಕಿ, ಅಜ್ಜಿಯ ಹಳೆ ಇಳಕಲ್ ಸೀರೆಯ ತುಂಡು ಹೊದಿಸಿ, ಜಗಲಿ ಮೇಲೆ ದೇವರ ಪಕ್ಕಕ್ಕೆ ಇಡ್ತಿದ್ದ. ಅದಕ್ಕೆ ಕಾಲು ತಾಕಿದರೆ ನಾವು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಮಂದ್ರದ ಒಂದು ಪಟ್ಟಿ ಒತ್ತಿದರೆ ಮೇಲೇಳ್ತಿರಲಿಲ್ಲ, ಅಜ್ಜ ನುಡಿಸುತ್ತಲೇ ಹೆಬ್ಬೆರಳಿಂದ ಅದನ್ನ ಎತ್ತಿ ಬಿಡ್ತಿದ್ದ. ಆ ಪೇಟಿಯನ್ನ ಯಾರಾದರೂ ಹೊರಗೆ ಎಳೆದು ತಂದು ಸೀಮೆಎಣ್ಣೆ ಸುರಿದಿದ್ದರೆ ನಮ್ಮಜ್ಜ ಏನಾಗ್ತಿದ್ದ? ನನಗೆ ಊಹಿಸೋಕೂ ಆಗಲ್ಲ.

ಹೆರಾತ್‌ದು ಒಂದೇ ದಿನದ ಸುದ್ದಿ ಅಂದುಕೊಳ್ಳಬೇಡಿ. 2024ರ ಆಗಸ್ಟ್‌ನಲ್ಲಿ ತಾಲಿಬಾನಿನ ನೀತಿಪಾಲನೆಯ ಸಚಿವಾಲಯವೇ ಲೆಕ್ಕ ಕೊಟ್ಟಿತು: ಒಂದು ವರ್ಷದಲ್ಲಿ ನಾಶ ಮಾಡಿದ ವಾದ್ಯಗಳು 21,328. ಇದು ಯಾರೋ ಮಾಡಿದ ಆರೋಪ ಅಲ್ಲ, ಸಾಧನೆ ಅಂತ ಅವರೇ ಪತ್ರಿಕಾಗೋಷ್ಠಿಯಲ್ಲಿ ಹೇಳಿಕೊಂಡಿದ್ದು.

ವಾದ್ಯದ ಮಾತಾಯ್ತು. ಇನ್ನು ಮನುಷ್ಯರು. 2021ರ ಆಗಸ್ಟ್ ಕೊನೆ. ಕಾಬೂಲ್ ತಾಲಿಬಾನಿಗೆ ಸಿಕ್ಕಿ ಇನ್ನೂ ಎರಡು ವಾರ ಆಗಿತ್ತಷ್ಟೆ. ಬಗ್ಲಾನ್ ಪ್ರಾಂತ್ಯದ ಅಂದರಾಬ್ ಕಣಿವೆಯಲ್ಲಿ ಫವಾದ್ ಅಂದರಾಬಿ ಅನ್ನೋ ಜನಪದ ಹಾಡುಗಾರ ಇದ್ದರು. ಘಿಚಕ್ ಅಂತ ಕಮಾನು ಎಳೆದು ನುಡಿಸೋ ಒಂದು ವಾದ್ಯ ಇದೆ, ಅದನ್ನ ನುಡಿಸುತ್ತಾ ತನ್ನ ಕಣಿವೆಯ ಬಗ್ಗೆ, ತನ್ನ ನಾಡಿನ ಬಗ್ಗೆ ಹಾಡ್ತಿದ್ದರು. ತಾಲಿಬಾನಿಗಳು ಒಮ್ಮೆ ಅವರ ಮನೆಗೆ ಬಂದು ಶೋಧ ಮಾಡಿದ್ದರು, ಅವರ ಜೊತೆ ಕೂತು ಚಹಾ ಕುಡಿದು ಹೋಗಿದ್ದರು. ಆಮೇಲೆ ಮತ್ತೆ ಬಂದರು. ಹೊಲದಲ್ಲಿ ತಲೆಗೆ ಗುಂಡು ಹೊಡೆದು ಕೊಂದರು ಅಂತ ಅವರ ಮಗ ಹೇಳಿದ. ನಾನು ಈ ಸುದ್ದಿಯನ್ನ ಎಷ್ಟು ಸಲ ಓದಿದ್ದೀನೋ, ಪ್ರತಿ ಸಲ ಆ ಚಹಾದ ಹತ್ತಿರ ನಿಂತುಬಿಡ್ತೀನಿ. ಕುಡಿಯೋಕೆ ಕೊಟ್ಟಿದ್ದು ಅದೇ ಕೈ, ಘಿಚಕ್ ಹಿಡಿಯೋ ಕೈ.

ಈಗ ಕೆಲವರು ಕೇಳಬಹುದು, ಎಲ್ಲಿಯ ಅಫ್ಘಾನಿಸ್ತಾನ, ಎಲ್ಲಿಯ ನಾವು ಅಂತ. ಹಿಂದೂಸ್ತಾನಿ ಸಂಗೀತ ಕೇಳೋರು ಹಾಗೆ ಕೇಳಬಾರದು. ಕಾಬೂಲಿನ ಹಳೇ ಪೇಟೆಯಲ್ಲಿ ಖರಾಬಾತ್ ಅಂತ ಒಂದು ಕೇರಿ ಇದೆ, ಸಂಗೀತಗಾರರ ಕೇರಿ. 1860ರ ದಶಕದಲ್ಲಿ ಅಮೀರ್ ಶೇರ್ ಅಲಿ ಖಾನ್ ಅನ್ನೋ ದೊರೆ ಹಿಂದೂಸ್ತಾನದಿಂದ ಗಾಯಕರನ್ನ, ವಾದಕರನ್ನ ಕರೆಸಿಕೊಂಡು ಅರಮನೆ ಹತ್ತಿರವೇ ನೆಲೆ ಕೊಟ್ಟ. ಅವರ ಮಕ್ಕಳು, ಮೊಮ್ಮಕ್ಕಳು ಬೆಳೆದ ಕೇರಿ ಅದು. ಅಲ್ಲೂ ಉಸ್ತಾದ್ ಶಿಷ್ಯನ ಮುಂಗೈಗೆ ದಾರ ಕಟ್ಟಿದ ಮೇಲೇ ತಾಲೀಮು ಶುರುವಾಗ್ತಿತ್ತು. ಖರಾಬಾತಿನ ಉಸ್ತಾದ್ ಸರಾಹಂಗ್ ಪಂಜಾಬಿನ ಗಾಯನ ಪರಂಪರೆಯಾದ ಪಟಿಯಾಲಾ ಘರಾಣೆಯಲ್ಲಿ ವರ್ಷಗಟ್ಟಲೆ ಕಲಿತು ಕಾಬೂಲಿಗೆ ವಾಪಸ್ ಹೋದವರು. ಖಯಾಲ್, ಠುಮ್ರಿ, ತರಾನಾ ಎಲ್ಲ ಹಾಡಿದವರು. ಇನ್ನು ಅಫ್ಘಾನಿಸ್ತಾನದ ರಬಾಬ್. ಹಿಪ್ಪುನೇರಳೆ ಮರದ ದಿಮ್ಮಿಯನ್ನ ಕೊರೆದು, ಚರ್ಮ ಬಿಗಿದು ಮಾಡೋ ವಾದ್ಯ. ನಮ್ಮ ಸರೋದ್ ಹುಟ್ಟಿದ್ದೇ ಅದರಿಂದ. ಮೈಸೂರಿನಲ್ಲಿ ರಾಜೀವ ತಾರಾನಾಥರು ಸರೋದ್ ಮಡಿಲಲ್ಲಿಟ್ಟು ಕೂತಾಗ ನಾವು ಕೇಳಿದ ನಾದದ ಒಂದು ಬೇರು ಆ ಬೆಟ್ಟಗಳಲ್ಲಿದೆ. ಹಾಗಾಗಿ ಹೆರಾತ್‌ನಲ್ಲಿ ಸುಟ್ಟಿದ್ದನ್ನ ದೂರದ ಬೆಂಕಿ ಅಂತ ನೋಡೋಕೆ ನನ್ನ ಕೈಲಿ ಆಗ್ತಿಲ್ಲ.

ಈ ಕತೆಯಲ್ಲಿ ಒಂದು ಗೆಲುವೂ ಇದೆ, ಅದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಅಹ್ಮದ್ ಸರ್ಮಸ್ತ್ ಅಂತ ಒಬ್ಬರು. ತಂದೆ ದೊಡ್ಡ ಸಂಗೀತ ಸಂಯೋಜಕರು. ಮಗ ಮಾಸ್ಕೋದಲ್ಲಿ, ಆಸ್ಟ್ರೇಲಿಯಾದಲ್ಲಿ ಓದಿ, ನೆಮ್ಮದಿಯಾಗಿ ಅಲ್ಲೇ ಇರಬಹುದಿತ್ತು. ಕಾಬೂಲಿಗೆ ವಾಪಸ್ ಬಂದು 2010ರಲ್ಲಿ ಒಂದು ಸಂಗೀತ ಶಾಲೆ ತೆರೆದರು. ಬೀದಿಯಲ್ಲಿ ಪ್ಲಾಸ್ಟಿಕ್ ಚೀಲ ಮಾರುತ್ತಿದ್ದ ಮಕ್ಕಳು, ಅನಾಥ ಮಕ್ಕಳನ್ನ ಸೇರಿಸಿಕೊಂಡರು. ಹುಡುಗ ಹುಡುಗಿಯರು ಒಂದೇ ಕೋಣೆಯಲ್ಲಿ, ರಬಾಬ್ ಪಕ್ಕ ವಯೊಲಿನ್, ಸಿತಾರ್ ಪಕ್ಕ ಕ್ಲಾರಿನೆಟ್. 2014ರ ಡಿಸೆಂಬರಿನಲ್ಲಿ ಕಾಬೂಲಿನಲ್ಲಿ ಒಂದು ಪ್ರದರ್ಶನ. ಆತ್ಮಹತ್ಯಾ ಬಾಂಬ್ ದಾಳಿಗಳನ್ನ ಖಂಡಿಸೋ ಪ್ರದರ್ಶನ ಅದು. ಪ್ರೇಕ್ಷಕರ ನಡುವೆ ಕೂತಿದ್ದ ಒಬ್ಬ ಹುಡುಗ ಅಲ್ಲೇ ತನ್ನನ್ನ ತಾನು ಸ್ಫೋಟಿಸಿಕೊಂಡ. ಸರ್ಮಸ್ತ್ ತಲೆಗೆ ಲೋಹದ ಚೂರು ಹೊಕ್ಕವು, ಕಿವಿ ಕೇಳದಾಯ್ತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಒಂದಿಷ್ಟು ಕೇಳಿಸೋ ಹಾಗೆ ಆದ ಮೇಲೆ, ಆ ಮನುಷ್ಯ ಮತ್ತೆ ಅದೇ ಶಾಲೆಗೆ ಹೋದರು. 2017ರಲ್ಲಿ ಅವರ ಹುಡುಗಿಯರದ್ದೇ ವಾದ್ಯವೃಂದ, ಜೋಹ್ರಾ ಅಂತ ಹೆಸರು, ಸ್ವಿಟ್ಜರ್‌ಲ್ಯಾಂಡಿನ ದಾವೋಸ್‌ನಲ್ಲಿ ನುಡಿಸಿತು.

2021ರಲ್ಲಿ ಎಲ್ಲ ಬಿತ್ತು. ಮೊದಲ ಪ್ರಯತ್ನದಲ್ಲಿ ಮಕ್ಕಳನ್ನ ಬಸ್ಸುಗಳಲ್ಲಿ ಕಾಬೂಲ್ ವಿಮಾನ ನಿಲ್ದಾಣದ ಹತ್ತಿರ ತಂದು ಗಂಟೆಗಟ್ಟಲೆ ಕಾದರು. ಗೇಟು ತೆರೆಯಲಿಲ್ಲ, ವಾಪಸ್ ಮನೆಗೆ. ಸರ್ಮಸ್ತ್ ಆಗ ಆಸ್ಟ್ರೇಲಿಯಾದಲ್ಲಿದ್ದರು. ಅಲ್ಲಿಂದಲೇ ಹಗಲು ರಾತ್ರಿ ಫೋನು. ಅಕ್ಟೋಬರಿನಿಂದ ಒಂದೊಂದೇ ವಿಮಾನದಲ್ಲಿ ಕತಾರಿಗೆ, ಡಿಸೆಂಬರಿನಲ್ಲಿ ಅಲ್ಲಿಂದ ಪೋರ್ಚುಗಲ್‌ಗೆ. ವಿದ್ಯಾರ್ಥಿಗಳು, ಮೇಷ್ಟ್ರುಗಳು, ಸಿಬ್ಬಂದಿ, ಕೆಲವರ ಮನೆಯವರು ಎಲ್ಲ ಸೇರಿ 273 ಜನ. ಪೋರ್ಚುಗಲ್ ಸರ್ಕಾರ ಅಷ್ಟೂ ಜನರಿಗೆ ಒಟ್ಟಿಗೆ ಆಶ್ರಯ ಕೊಟ್ಟಿತು.

ಈ "ಒಟ್ಟಿಗೆ" ಅನ್ನೋ ಪದಕ್ಕಾಗಿಯೇ ನಾನು ಇವತ್ತು ಮೈಕ್ ಮುಂದೆ ಕೂತಿರೋದು. ಜಗತ್ತಿನಲ್ಲಿ ಸಂಕಟದಲ್ಲಿರೋ ಕಲಾವಿದರನ್ನ ಕಾಪಾಡೋ ವ್ಯವಸ್ಥೆಗಳಿವೆ, ಇಲ್ಲ ಅಂತಲ್ಲ. ನಾರ್ವೆಯ ಸ್ಟಾವಂಗರ್‌ನಿಂದ 2006ರಿಂದ ನಡೀತಿರೋ ಆಶ್ರಯ ನಗರಗಳ ಜಾಲ ಇದೆ. ಎಪ್ಪತ್ತಕ್ಕೂ ಹೆಚ್ಚು ಊರುಗಳು ಅದರಲ್ಲಿವೆ. ಒಬ್ಬ ಲೇಖಕನಿಗೋ ಕಲಾವಿದೆಗೋ ಸುಮಾರು ಎರಡು ವರ್ಷ ಮನೆ, ಖರ್ಚಿಗೆ ಹಣ, ಕೆಲಸ ಮಾಡೋಕೆ ಶಾಂತಿ ಕೊಡ್ತಾರೆ. ಒಳ್ಳೇ ಕೆಲಸ, ಕೈಮುಗೀತೀನಿ. ಆದರೆ ಅರ್ಜಿ ಹಾಕಬೇಕಲ್ಲ. ನಾನು ಕಲಾವಿದ, ಕಲೆಯ ಕಾರಣಕ್ಕೇ ನನ್ನ ಜೀವಕ್ಕೆ ಅಪಾಯ ಇದೆ ಅಂತ ತೋರಿಸಬೇಕು. ಪತ್ರಿಕೆಯ ತುಣುಕು, ವಿಡಿಯೋ, ಪ್ರಶಸ್ತಿ ಪತ್ರ. ಅಫ್ಘಾನಿಸ್ತಾನದ ವಾದಕ ಏನು ಮಾಡಿದ ಗೊತ್ತಾ? ತಾಲಿಬಾನ್ ಬಂದ ವಾರವೇ ಫೋನಿನಲ್ಲಿದ್ದ ತನ್ನ ವಿಡಿಯೋ ಅಳಿಸಿದ, ಫೋಟೋ ಹರಿದ, ವಾದ್ಯವನ್ನ ತಾನೇ ಮುರಿದ, ಇಲ್ಲಾ ಮಣ್ಣಲ್ಲಿ ಹೂತ. ಜೀವ ಉಳಿಸಿಕೊಳ್ಳೋಕೆ ಯಾವ ಪುರಾವೆ ನಾಶ ಮಾಡಿದನೋ, ಆಶ್ರಯ ಕೇಳೋಕೆ ಅದೇ ಪುರಾವೆ ಬೇಕು. ಮದುವೆ ಮನೆಯಲ್ಲಿ ತಬಲಾ ನುಡಿಸಿ ದಿನ ದೂಡುತ್ತಿದ್ದವನಿಗೆ ಪ್ರಶಸ್ತಿ ಪತ್ರ ಎಲ್ಲಿಂದ ಬರಬೇಕು?

ಹೆಸರಿದ್ದವರು ಹೇಗೋ ಹೊರಗೆ ಬರ್ತಾರೆ. ಅವರ ಹಿಂದೆ ಕೂತು ಶ್ರುತಿ ಹಿಡಿದವರು ಅಲ್ಲೇ ಉಳೀತಾರೆ. ಸಂಗೀತ ಒಬ್ಬನ ಗಂಟಲಲ್ಲಿ ಇರೋ ವಸ್ತು ಆಗಿದ್ದರೆ ಪರವಾಗಿರಲಿಲ್ಲ. ಸಾಥಿದಾರ ಬೇಕು, ವಾದ್ಯ ಮಾಡೋನು ಬೇಕು, ತಪ್ಪಿದಾಗ ಹೂಂ ಅನ್ನದೆ ಸುಮ್ಮನೆ ಕೂರೋ ಉಸ್ತಾದ್ ಬೇಕು, ಸರಿ ಬಂದಾಗ ವಾಹ್ ಅನ್ನೋ ನಾಲ್ಕು ಜನ ಬೇಕು. ಒಬ್ಬ ಗಾಯಕನನ್ನ ಮಾತ್ರ ಎತ್ತಿ ತಂದು ಯುರೋಪಿನ ಚಳಿಯಲ್ಲಿ ಒಂದು ಕೋಣೆ ಕೊಟ್ಟರೆ ಜೀವ ಉಳಿಯುತ್ತೆ, ಅದು ದೊಡ್ಡದು. ಆದರೆ ಗಾಯನ? ಸರ್ಮಸ್ತ್ ಅದಕ್ಕೇ ಶಾಲೆಗೆ ಶಾಲೆಯನ್ನೇ ಎಬ್ಬಿಸಿ ತಂದರು. ಪೋರ್ಚುಗಲ್ಲಿನ ಬ್ರಾಗಾ ಊರಲ್ಲಿ ಇವತ್ತು ಮಕ್ಕಳು ರಬಾಬ್ ಕಲೀತಿದ್ದಾರೆ ಅಂದರೆ ಕಾರಣ ಅದು. ಕಾಪಾಡೋದಾದರೆ ಹೀಗೆ ಕಾಪಾಡಬೇಕು: ಮೇಳವನ್ನ, ಗುರು ಶಿಷ್ಯರನ್ನ, ಒಂದು ಕೇರಿಯನ್ನ.

ಹೆಣ್ಣುಮಕ್ಕಳ ವಿಷಯ ಹೇಳದೆ ಮುಂದೆ ಹೋಗೋಕಾಗಲ್ಲ. 2024ರ ಆಗಸ್ಟ್‌ನಲ್ಲಿ ತಾಲಿಬಾನ್ 35 ಕಲಮುಗಳ ಒಂದು ಕಾನೂನು ತಂದಿತು. ಹೆಂಗಸಿನ ದನಿಯೇ ಮುಚ್ಚಿಡಬೇಕಾದ್ದು, ಅವಳು ಹಾಡೋದು ಹೊರಗಿನವರ ಕಿವಿಗೆ ಬೀಳಬಾರದು ಅಂತ. ಅದು ಬಂದ ಕೆಲವೇ ದಿನಕ್ಕೆ ಅಫ್ಘಾನ್ ಹೆಂಗಸರು ಮುಖ ಮುಚ್ಚಿಕೊಂಡು, ಫೋನ್ ಮುಂದೆ ನಿಂತು, ಹಾಡಿ ಹಾಡಿ ಜಗತ್ತಿಗೆ ಕಳಿಸಿದರು. ಆ ವಿಡಿಯೋ ನೋಡ್ತಿದ್ದಾಗ ನನಗೆ ಗಂಗೂಬಾಯಿ ಹಾನಗಲ್ಲರ ಮಾತು ನೆನಪಾಯ್ತು. ಧಾರವಾಡದ ಓಣಿಯಲ್ಲಿ ಅವರು ಸಣ್ಣ ಹುಡುಗಿಯಾಗಿ ನಡೆದು ಹೋಗುವಾಗ ಜನ "ಗಾನೇವಾಲಿ" ಅಂತ ಹಂಗಿಸ್ತಿದ್ದರು ಅಂತ ಅವರೇ ಹೇಳಿಕೊಂಡಿದ್ದಾರೆ. ಅವರನ್ನ ಯಾವ ಕಾನೂನೂ ತಡೀಲಿಲ್ಲ, ಅವ್ವ ಇದ್ದಳು, ಕುಂದಗೋಳದಲ್ಲಿ ಗುರು ಸವಾಯಿ ಗಂಧರ್ವರು ಇದ್ದರು. ಕಾಬೂಲಿನ ಹುಡುಗಿಗೆ ಅವ್ವ ಇದ್ದಾಳೆ. ಕುಂದಗೋಳ ಇಲ್ಲ.

ಅದನ್ನ ನಾವು ಕೊಡಬಹುದು. ನಾನು ಭಾವನೆಯಲ್ಲಿ ಹೇಳ್ತಿಲ್ಲ, ಕೆಲಸದ ಮಾತು ಹೇಳ್ತಿದ್ದೀನಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗಂತಲೇ ಒಂದು ಕಾನೂನು ನಮ್ಮಲ್ಲಿಲ್ಲ. ಅಂದರೆ ಎಲ್ಲ ವೀಸಾ ಮೇಲೆ ನಿಂತಿದೆ, ಯಾವುದೋ ಮೇಜಿನ ಮೇಲಿನ ಒಂದು ಮುದ್ರೆಯ ಮೇಲೆ. ಆದರೆ ದಾರಿ ಇಲ್ಲದೆ ಇಲ್ಲ. ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನದಲ್ಲಿ ಅಫ್ಘಾನ್ ಹುಡುಗರು ವರ್ಷಗಳಿಂದ ನಮ್ಮ ಮೈಸೂರಿಗೆ, ಧಾರವಾಡಕ್ಕೆ ಓದೋಕೆ ಬಂದಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದಾರೆ. ಕೃಷಿಗೆ ಬರಬಹುದಾದರೆ ಸಂಗೀತಕ್ಕೆ ಯಾಕೆ ಬರಬಾರದು? ಮೈಸೂರಿನಲ್ಲಿ ಗಂಗೂಬಾಯಿಯವರ ಹೆಸರಲ್ಲೇ ಸಂಗೀತ ವಿಶ್ವವಿದ್ಯಾಲಯ ಇದೆ, ಸರ್ಕಾರದ್ದು. ಅಲ್ಲಿ ಒಂದು ಹತ್ತು ಸೀಟು, ಹಾಸ್ಟೆಲಿನಲ್ಲಿ ಹತ್ತು ಮಂಚ, ಅಫ್ಘಾನ್ ಹುಡುಗಿಯರಿಗೆ. ಪ್ರಮಾಣಪತ್ರ ಕೇಳದೆ, ಕೂರಿಸಿ, ಹಾಡಿಸಿ, ನುಡಿಸಿ ಕೇಳಿ ಸೇರಿಸಿಕೊಳ್ಳಿ. ನಿಜವಾದ ವಾದಕನನ್ನ ಗುರುತಿಸೋಕೆ ನಮ್ಮ ಗುರುಗಳಿಗೆ ಎರಡು ನಿಮಿಷ ಸಾಕು. ಜೊತೆಗೆ ಒಬ್ಬ ಉಸ್ತಾದನನ್ನೂ ಮೇಷ್ಟ್ರಾಗಿ ಕರೆಸಿ, ರಬಾಬ್ ಕಲಿಸಲಿ, ನಮ್ಮ ಮಕ್ಕಳೂ ಕಲೀಲಿ.

2025ರ ಅಕ್ಟೋಬರಿನಲ್ಲಿ ತಾಲಿಬಾನಿನ ವಿದೇಶಾಂಗ ಸಚಿವರು ದೆಹಲಿಗೆ ಬಂದರು. ಕಾಬೂಲಿನಲ್ಲಿ ಭಾರತದ ರಾಯಭಾರ ಕಚೇರಿ ಮತ್ತೆ ತೆರೆಯೋ ಘೋಷಣೆ ಆಯ್ತು. ದೇಶದೇಶಗಳ ಲೆಕ್ಕಾಚಾರ ದೇಶದೇಶಗಳಿಗೆ ಇರಲಿ. ಕಚೇರಿ ತೆರೆದ ಮೇಲೆ ಅದರ ಕಿಟಕಿಯಲ್ಲಿ ಒಬ್ಬ ಸಿತಾರ್ ವಾದಕಿಯ ಅರ್ಜಿಯನ್ನೂ ತಗೊಳ್ಳಿ ಅಂತ ಕೇಳೋ ಹಕ್ಕು ನಮಗಿದೆ. ನಮ್ಮ ಸಂಸದರನ್ನ ಕೇಳಬಹುದು. ನಾನು ಕೇಳಿ ಪತ್ರ ಬರೆದಿದ್ದೀನಿ.

ನಮ್ಮಲ್ಲೇ ಕಲಾವಿದರು ಮಾಸಾಶನಕ್ಕೆ ಅಲೀತಿದ್ದಾರೆ, ಮೊದಲು ಅವರನ್ನ ನೋಡಿ ಅಂತ ಹೇಳೋರಿದ್ದಾರೆ. ಆ ಮಾತಲ್ಲಿ ನೋವಿದೆ, ನಾನು ತಳ್ಳಿಹಾಕಲ್ಲ. ನಮ್ಮ ಭಜನಾ ಮೇಳದವರೇ ಮಾಸಾಶನದ ಅರ್ಜಿ ಹಿಡಿದು ಓಡಾಡಿದ್ದನ್ನ ನೋಡಿದ್ದೀನಿ. ಆದರೆ ಹತ್ತು ಸೀಟಿಂದ ಯಾರ ಮಾಸಾಶನವೂ ನಿಲ್ಲಲ್ಲ. ಇನ್ನೊಂದು ವಿಷಯ. ಧಾರವಾಡದವರಿಗೆ ಇದು ಬೇರೆಯವರ ಕಷ್ಟ ಅನ್ನಿಸಬಾರದು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದಲ್ಲಿ ಕಲಬುರ್ಗಿಯವರ ಮನೆ ಬಾಗಿಲು ತಟ್ಟಿ, ಕರೆದು, ಗುಂಡು ಹೊಡೆದರು. ಅಂದರಾಬ್ ಕಣಿವೆಯ ಸುದ್ದಿ ಓದಿದಾಗ ನನಗೆ ಆ ಬಾಗಿಲೂ ಕಂಡಿತು.

ಹೋದ ಸಲ ಊರಿಗೆ ಹೋದಾಗ ಭಜನಿ ಮುಗಿದ ಮೇಲೆ, ಗುಡಿಯ ಕಟ್ಟೆ ಮೇಲೆ ಕೂತು, ಮೇಳದವರಿಗೆ ಹೆರಾತ್‌ನ ಪಟ್ಟಿ ಓದಿ ಹೇಳಿದೆ. ಬಲಗೈಲಿ ತಬಲಾ, ಎಡಗೈಲಿ ಅದರ ಜೋಡಿ ಡಗ್ಗಾ ನುಡಿಸೋ ಕಾಕಾ ಒಬ್ಬರಿದ್ದಾರೆ, ಎಪ್ಪತ್ತು ದಾಟಿದೆ, ನಮ್ಮ ಅಜ್ಜನ ಪೇಟಿಗೆ ಸಾಥ್ ಕೊಟ್ಟವರು. ಪೂರ್ತಿ ಕೇಳಿದರು. ಆಮೇಲೆ ಅವರು ಕೇಳಿದ್ದು ಇಷ್ಟೇ:

"ತಬಲಾ ಒಂದ ಸುಟ್ಟಾರೇನೋ ತಮ್ಮಾ, ಡಗ್ಗಾನೂ ಇತ್ತೋ?"

ಸುದ್ದಿಯಲ್ಲಿ ಅದನ್ನ ಬರೆದಿಲ್ಲ ಕಾಕಾ, ಅಂದೆ.

"ಯಾರದು ಅಂತನಾದರೂ ಬರದಾರೇನು?"

ಅದನ್ನೂ ಬರೆದಿರಲಿಲ್ಲ. ಕಾಕಾ ತಮ್ಮ ತಬಲಾಕ್ಕೂ ಡಗ್ಗಾಕ್ಕೂ ಗೌಸಣಿಗೆ ಹಾಕಿ, ದಾರ ಎಳೆದು ಬಿಗಿದು, ಎರಡನ್ನೂ ತೊಡೆ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಅಲ್ಲೇ ಕೂತಿದ್ದರು.