ಮೋಡದ ದಿನದ ಫಿಲ್ಮು

ಕೇಳುಗರಿಗೆ ನಮಸ್ಕಾರ.

1990ರಲ್ಲಿ ಜಪಾನಿನ ಫ್ಯೂಜಿ ಕಂಪನಿ ವೆಲ್ವಿಯಾ ಅನ್ನುವ ಸ್ಲೈಡ್ ಫಿಲ್ಮನ್ನು ಮಾರುಕಟ್ಟೆಗೆ ಬಿಟ್ಟಿತು. ನಿಸರ್ಗದ ಚಿತ್ರ ತೆಗೆಯುವವರ ನಡುವೆ ಆಗ ಶುರುವಾದ ಒಂದು ಜಗಳ ಇವತ್ತಿಗೂ ಪೂರ್ತಿ ತಣ್ಣಗಾಗಿಲ್ಲ. 'ಇಂಥ ಹಸಿರು ಎಲ್ಲಾದರೂ ಉಂಟೇನ್ರೀ, ಶುದ್ಧ ಸುಳ್ಳು' ಅಂದವರು ಒಂದು ಕಡೆ. 'ನಾನು ಕಾಡಲ್ಲಿ ಕಂಡದ್ದು ಇದೇ ಹಸಿರು, ಇಷ್ಟು ದಿನ ಫಿಲ್ಮಿಗೆ ಅದು ಸಿಕ್ಕಿರಲಿಲ್ಲ ಅಷ್ಟೇ' ಅಂದವರು ಇನ್ನೊಂದು ಕಡೆ. ನನ್ನನ್ನು ಕೇಳಿದರೆ ಇಬ್ಬರ ಮಾತೂ ನಿಜ. ಚಿತ್ರ ತೆಗೆದ ದಿನ ಮೋಡವಿತ್ತೋ ಬಿಸಿಲಿತ್ತೋ ಅಂತ ಮೊದಲು ವಿಚಾರಿಸಬೇಕು. ಮೋಡದಲ್ಲಿ ಈ ಫಿಲ್ಮು ಸತ್ಯ ಹೇಳುತ್ತಿತ್ತು. ಬಿಸಿಲಿನಲ್ಲಿ ಕೂಗಾಡುತ್ತಿತ್ತು.

ಸ್ಲೈಡ್ ಅಂದರೆ ಈಗಿನ ಹುಡುಗರು ಕಂಪ್ಯೂಟರಿನ ಪ್ರೆಸೆಂಟೇಶನ್ ಅಂದುಕೊಳ್ಳುತ್ತಾರೆ, ಹಾಗಾಗಿ ಎರಡು ಮಾತು. ನೆಗೆಟಿವ್ ಫಿಲ್ಮಿನಲ್ಲಿ ಬಣ್ಣ ತಿರುವುಮುರುವಾಗಿರುತ್ತಿತ್ತು. ಸ್ಟುಡಿಯೋದವರು ಅದರಿಂದ ಪ್ರಿಂಟ್ ಹಾಕುವಾಗ ನಮ್ಮ ಹೆಚ್ಚುಕಡಿಮೆಗಳನ್ನೆಲ್ಲ ಸರಿಮಾಡಿ ಕೊಡುತ್ತಿದ್ದರು. ಸ್ಲೈಡಿಗೆ ಆ ಅನುಕೂಲವಿಲ್ಲ. ಕ್ಯಾಮೆರಾದೊಳಗೆ ಬೆಳಕು ತಿಂದ ಅದೇ ಫಿಲ್ಮು, 24 ಮಿಲಿಮೀಟರಿಗೆ 36 ಮಿಲಿಮೀಟರಿನ ಅದೇ ತುಂಡು, ಪ್ಲಾಸ್ಟಿಕ್ಕಿನ ಅಥವಾ ರಟ್ಟಿನ ಚೌಕಟ್ಟಿನಲ್ಲಿ ಕೂತು ವಾಪಸು ಬರುತ್ತದೆ. ನಡುವೆ ತಿದ್ದುವವರು ಯಾರೂ ಇಲ್ಲ. ಷಟರ್ ಒತ್ತಿದಾಗಲೇ ತೀರ್ಪು ಆಗಿಹೋಗಿರುತ್ತದೆ.

ವೆಲ್ವಿಯಾ ಬರುವ ಮೊದಲು ರಾಜ್ಯಭಾರ ಕೊಡಾಕ್ರೋಮಿನದು. ಅದನ್ನು ಕಂಡುಹಿಡಿದವರು ಲಿಯೋಪೋಲ್ಡ್ ಮ್ಯಾನ್ಸ್ ಮತ್ತು ಲಿಯೋಪೋಲ್ಡ್ ಗೊಡೋವ್‌ಸ್ಕಿ ಅನ್ನುವ ಇಬ್ಬರು ಸಂಗೀತಗಾರರು. 1935ರಲ್ಲಿ ಸಿನಿಮಾ ಫಿಲ್ಮಾಗಿ ಬಂದು, ಮರುವರ್ಷ ಸ್ಥಿರಚಿತ್ರದ ಕ್ಯಾಮೆರಾಗಳಿಗೂ ಬಂತು. ಆ ಫಿಲ್ಮಿನೊಳಗೆ ಬಣ್ಣದ ಅಂಶವೇ ಇರಲಿಲ್ಲ, ಸಂಸ್ಕರಿಸುವಾಗ ಒಂದೊಂದೇ ಪದರಕ್ಕೆ ಬಣ್ಣ ಕೂಡಿಸಬೇಕಿತ್ತು. ಆ ಕೆಲಸಕ್ಕೆ ದೊಡ್ಡ ಯಂತ್ರಗಳೂ ನುರಿತ ರಸಾಯನಶಾಸ್ತ್ರಜ್ಞರೂ ಬೇಕು. ವೆಲ್ವಿಯಾ ಹಾಗಲ್ಲ. ಇ-6 ಅನ್ನುವ ಸಂಸ್ಕರಣೆಯಲ್ಲಿ, ಚಿತ್ರ ಮೂಡಿಸುವ ಮೊದಲ ದ್ರಾವಣವಾದ ಡೆವಲಪರನ್ನು 38 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕದಲದಂತೆ ಹಿಡಿದಿಡುವ ಶಿಸ್ತಿರುವ ಲ್ಯಾಬು ಯಾವ ಊರಿನಲ್ಲಿದ್ದರೂ ಸಾಕಿತ್ತು. ಕೊಡಾಕ್ರೋಮಿನಿಂದ ಜನ ಫ್ಯೂಜಿಯ ಕಡೆ ಹೊರಳಿದ್ದಕ್ಕೆ ಬಣ್ಣದ ಜೊತೆಗೆ ಈ ಸಲೀಸೂ ಕಾರಣ.

ಆದರೂ ಆ ಬಣ್ಣ ಎಲ್ಲಿಂದ ಬಂತು? ಫಿಲ್ಮಿನಲ್ಲಿ ಕೆಂಪು, ಹಸಿರು, ನೀಲಿ ಬೆಳಕಿಗೆ ಬೇರೆಬೇರೆ ಪದರಗಳಿರುತ್ತವೆ. ಡೆವಲಪರಿನಲ್ಲಿ ಒಂದು ಪದರ ಜೋರಾಗಿ ಬೆಳೆಯುವಾಗ ಅದರಿಂದ ಹೊರಡುವ ರಾಸಾಯನಿಕಗಳು ಪಕ್ಕದ ಪದರಗಳು ಬೆಳೆಯದಂತೆ ತಡೆಯುತ್ತವೆ. ಹಸಿರೆಲೆಯ ಮೇಲೆ ಕ್ಯಾಮೆರಾ ಇಟ್ಟಾಗ ಹಸಿರಿನ ಪದರ ಮೇಲುಗೈ ಸಾಧಿಸಿ, ಕೆಂಪು ನೀಲಿಗಳನ್ನು ಅವು ನಿಜಕ್ಕೂ ಇರುವುದಕ್ಕಿಂತ ಕೆಳಕ್ಕೆ ತಳ್ಳುತ್ತದೆ. ಕೊನೆಗೆ ಸಿಗುವ ಹಸಿರಿನಲ್ಲಿ ಬೇರೆ ಬಣ್ಣದ ಕಲಬೆರಕೆ ಕಡಿಮೆ. ಎಲ್ಲ ಸ್ಲೈಡ್ ಫಿಲ್ಮುಗಳಲ್ಲೂ ಇದು ಅಷ್ಟಿಷ್ಟು ನಡೆಯುತ್ತದೆ, ವೆಲ್ವಿಯಾದಲ್ಲಿ ಧಾರಾಳವಾಗಿ ನಡೆಯುತ್ತಿತ್ತು.

ಈ ಗಾಢತೆಯ ಬೆನ್ನಿಗೇ ಬಿಗಿ, ಅಂದರೆ ಕಾಂಟ್ರಾಸ್ಟು. ಅತಿ ಬೆಳಕಿನಿಂದ ಅತಿ ಕತ್ತಲಿನವರೆಗೆ ಸುಮಾರು ಐದು ಸ್ಟಾಪಿನಷ್ಟು ಅಂತರವನ್ನು ಮಾತ್ರ ಈ ಫಿಲ್ಮು ತಾಳಿಕೊಳ್ಳುತ್ತಿತ್ತು. ಒಂದು ಸ್ಟಾಪು ಹೆಚ್ಚು ಅಂದರೆ ಬೆಳಕು ಒಂದಕ್ಕೆರಡು. ನೆಗೆಟಿವಿನಲ್ಲಿ ಎರಡು ಸ್ಟಾಪು ಹೆಚ್ಚಾದರೂ ಪ್ರಿಂಟು ಚೆನ್ನಾಗಿಯೇ ಬರುತ್ತದೆ. ಇಲ್ಲಿ ಅರ್ಧ ಸ್ಟಾಪು ಹೆಚ್ಚಾದರೆ ಬೆಳ್ಳಕ್ಕಿಯ ರೆಕ್ಕೆಯಲ್ಲಿ ಒಂದು ಗರಿಯೂ ಉಳಿಯದೆ ಬರೀ ಬೆಳ್ಳಗಿನ ತೂತು ಕಾಣುತ್ತಿತ್ತು. ಹಾಗಾಗಿ ಒಂದೇ ದೃಶ್ಯಕ್ಕೆ ಮೂರು ಚಿತ್ರ: ಬೆಳಕು ಅಳೆಯುವ ಮೀಟರ್ ಹೇಳಿದ ಹಾಗೆ ಒಂದು, ಅದಕ್ಕಿಂತ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ. ಬ್ರಾಕೆಟಿಂಗ್ ಅನ್ನುತ್ತಿದ್ದೆವು. 36 ಚಿತ್ರದ ರೋಲಿನಲ್ಲಿ 12 ದೃಶ್ಯ ದಕ್ಕಿದರೆ ಪುಣ್ಯ. ಡಬ್ಬಿಯ ಮೇಲೆ ವೇಗ, ಅಂದರೆ ಬೆಳಕಿಗೆ ಫಿಲ್ಮಿನ ಚುರುಕು, 50 ಎಂದು ಅಚ್ಚಾಗಿದ್ದರೂ, ಹೆಚ್ಚು ಬೆಳಕು ಬೀಳಲೆಂದು ಮೀಟರನ್ನು 40ಕ್ಕೆ ತಿರುಗಿಸಿಟ್ಟವರು ಪ್ರಪಂಚದ ತುಂಬ ಇದ್ದರು. ನೆರಳು ತೀರಾ ಕಪ್ಪಿಡುತ್ತದೆ ಅನ್ನುವುದು ಅವರ ದೂರು. ಇಲ್ಲ, 50ಕ್ಕೇ ಇಟ್ಟರೆ ಬಣ್ಣ ಇನ್ನೂ ಗಟ್ಟಿ ಅನ್ನುವವರೂ ಅಷ್ಟೇ ಮಂದಿ. ಈ ವಾದ ಹಚ್ಚಿಕೊಂಡರೆ ಎರಡು ಸುತ್ತು ಕಾಫಿ ಮುಗಿಯುತ್ತಿತ್ತು.

ಲ್ಯಾಬಿನಿಂದ ಬಂದ ಸ್ಲೈಡುಗಳನ್ನು ಲೈಟ್ ಬಾಕ್ಸಿನ ಮೇಲೆ ಹರಡಿ, ಕಣ್ಣಿಗೆ ಲೂಪ್ ಅನ್ನುವ ಭೂತಗನ್ನಡಿ ಒತ್ತಿ ನೋಡುವ ಗಳಿಗೆಯನ್ನು ವರ್ಣಿಸುವುದು ಕಷ್ಟ. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಿರುವ ಒಂದು ತುಂಡಿನೊಳಗೆ ಆಗುಂಬೆಯ ಕಣಿವೆಯೇ ಇಳಿದಿರುತ್ತಿತ್ತು. ಪಾಚಿಯ ಎಳೆಎಳೆಯೂ ಬಿಡಿಸಿ ಎಣಿಸುವಷ್ಟು ಸ್ಪಷ್ಟ, ಕಾಳು ಕಾಳಾಗಿ ಒಡೆಯುವುದೇ ಇಲ್ಲ.

ಅಮೆರಿಕದ ಗೇಲನ್ ರೋವೆಲ್ ಈ ಫಿಲ್ಮಿಗೆ ಹೆಸರು ತಂದವರಲ್ಲಿ ಒಬ್ಬರು. ಪರ್ವತಾರೋಹಿ. 1981ರಲ್ಲಿ ಟಿಬೆಟ್ಟಿನ ಲಾಸಾದಲ್ಲಿ ಕಾಮನಬಿಲ್ಲು ಕಂಡವರೇ, ಅದರ ತುದಿ ಪೊಟಾಲ ಅರಮನೆಯ ಮೇಲೆ ಬಂದು ಕೂರುವ ಜಾಗದವರೆಗೆ ಓಡಿ ಹೋಗಿ ಚಿತ್ರ ತೆಗೆದರು. ಅದು ಕೊಡಾಕ್ರೋಮಿನ ಕಾಲ. ವೆಲ್ವಿಯಾ ಬಂದ ಮೇಲೆ ಅದಕ್ಕೆ ಬದಲಾದರು. ಹೊಳೆಯುವ ಆಕಾಶವನ್ನೂ ಕತ್ತಲಾದ ನೆಲವನ್ನೂ ಐದು ಸ್ಟಾಪಿನೊಳಗೆ ಕಟ್ಟಿಹಾಕಲು, ಅರ್ಧ ಕಪ್ಪು ಅರ್ಧ ತಿಳಿಯಾಗಿರುವ ಫಿಲ್ಟರುಗಳನ್ನು ಒಂದು ಕಂಪನಿಯ ಜೊತೆ ಸೇರಿ ರೂಪಿಸಿದರು. 2002ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಅಲ್ಲಿಯವರು ಬರೆದದ್ದನ್ನು ಓದಿಕೊಂಡು ನಾವೂ ಬೆಳಗ್ಗೆ ಸಂಜೆಯ ಹೊನ್ನಿನ ಬೆಳಕಿಗೆ ಕಾಯುತ್ತಿದ್ದೆವು. ಆದರೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ, ನೆಟ್ಟಗೆ ಇಳಿಯುತ್ತಾನೆ. ಆ ಬೆಳಕು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಹತ್ತು ಗಂಟೆಯ ಮೇಲೆ ನೆತ್ತಿ ಸುಡುವ ಬಿಸಿಲಿನಲ್ಲಿ ಹಂಪಿಯ ಬಂಡೆಗಳನ್ನು ತೆಗೆದರೆ ನೆರಳು ಮಸಿ, ಆಕಾಶ ಕ್ಯಾಲೆಂಡರಿನ ನೀಲಿ. ನಮಗೆ ದೇವರು ಕೊಟ್ಟ ಬೆಳಕು ಮಳೆಗಾಲದ್ದು. ಮೋಡ ಮುಚ್ಚಿದಾಗ ದೃಶ್ಯದ ಏರಿಳಿತ ಕಡಿಮೆಯಾಗಿ ಎಲ್ಲ ಮಂಕಾಗಿ ಕಾಣುತ್ತದಲ್ಲ, ಆ ಮಂಕನ್ನು ಈ ಬಿಗಿ ಫಿಲ್ಮು ಹಿಗ್ಗಿಸಿ ಎತ್ತಿಕೊಡುತ್ತಿತ್ತು. ಅಲ್ಲೇ ನಿಂತು ನೆನೆದವರ ನೆನಪಿನಲ್ಲಿ ಉಳಿಯುವ ಹಸಿರು ಅದೇ.

ಪುಷ್ಯ ಮಳೆ ಹಿಡಿದಾಗ ಕಾಡಿನೊಳಗೆ ಕೆಲಸ ಹೇಗಿರುತ್ತಿತ್ತು ಅಂತ ಹೇಳುತ್ತೇನೆ. ಒಂದು ಕೊಳೆತ ದಿಮ್ಮಿ, ಮೇಲೆ ಪಾಚಿ, ಪಕ್ಕದಲ್ಲಿ ಒಂದು ಜರಿಗಿಡ. ಟ್ರೈಪಾಡ್ ಊರಿ, ಲೆನ್ಸಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಕಿರಿದು ಮಾಡಿ ಎಫ್ 16ಕ್ಕೆ ಇಟ್ಟರೆ ಮೀಟರ್ 4 ಸೆಕೆಂಡು ಅನ್ನುತ್ತದೆ. ಎಲೆಗಳ ಮೇಲೆ ನೀರು ಆಕಾಶವನ್ನು ಪ್ರತಿಫಲಿಸಿ ಬೆಳ್ಳಗೆ ಹೊಳೆಯುತ್ತಿದೆ. ಪೋಲರೈಸರ್ ಫಿಲ್ಟರ್ ತಿರುಗಿಸುತ್ತ ಬಂದ ಹಾಗೆ ಆ ಹೊಳಪು ಅಳಿಸಿಹೋಗಿ ಅಡಿಯ ಹಸಿರು ಮೇಲೆ ಬರುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಹತ್ತಿರಹತ್ತಿರ ಎರಡು ಸ್ಟಾಪು, ಅಂದರೆ 16 ಸೆಕೆಂಡು. ಅಲ್ಲಿಗೂ ಮುಗಿಯಲಿಲ್ಲ. ಎಕ್ಸ್‌ಪೋಷರ್ ಉದ್ದವಾದಷ್ಟೂ ವೆಲ್ವಿಯಾಕ್ಕೆ ಸೋಮಾರಿತನ ಬರುತ್ತದೆ. 16 ಸೆಕೆಂಡಿಗೆ ಇನ್ನೂ ಮೂರನೇ ಎರಡು ಸ್ಟಾಪು ಸೇರಿಸಿ, ಹಸಿರಿಗೆ ವಾಲದಂತೆ ಮೆಜೆಂತಾ ಫಿಲ್ಟರ್ ಹಾಕಿ ಅಂತ ಫ್ಯೂಜಿಯವರ ಕೋಷ್ಟಕವೇ ಹೇಳುತ್ತದೆ. ಹಾಗೆ ಲೆಕ್ಕ ಬಂದು ನಿಲ್ಲುವುದು 25 ಸೆಕೆಂಡಿಗೆ. ಅಷ್ಟು ಹೊತ್ತು ಜರಿಗಿಡ ಅಲುಗಬಾರದು, ಕೇಬಲ್ ರಿಲೀಸ್ ಹಿಡಿದವನು ಕಾಲಿಗೆ ಹತ್ತಿದ ಉಂಬಳವನ್ನು ಕೀಳಲು ಬಗ್ಗಬಾರದು. 64 ಸೆಕೆಂಡು ದಾಟುವ ಬಗ್ಗೆ ಕೇಳಿದರೆ ಆ ಕೋಷ್ಟಕ 'ಬೇಡ' ಅಂದುಬಿಡುತ್ತದೆ.

ಮನುಷ್ಯರ ಮುಖಕ್ಕೆ ಮಾತ್ರ ಈ ಫಿಲ್ಮು ಆಗಿಬರುತ್ತಿರಲಿಲ್ಲ. ಕೆನ್ನೆ ಕೆಂಪೇರಿ, ಆಗತಾನೆ ಜಗಳ ಮುಗಿಸಿ ಬಂದವರ ಹಾಗೆ ಕಾಣುತ್ತಿದ್ದರು. ಮುಖಕ್ಕೆ ಪ್ರೊವಿಯಾ, ಆಸ್ಟಿಯಾ ಅನ್ನುವ ಸೌಮ್ಯ ಫಿಲ್ಮುಗಳಿದ್ದವು. ವನ್ಯಜೀವಿಗಳ ಹಿಂದೆ ಬಿದ್ದವರಿಗೂ 50ರ ವೇಗ ಸಾಲದು, ಅವರು 100ರ ಫಿಲ್ಮು ಹಾಕಿ, ಬೇಕಾದರೆ ಲ್ಯಾಬಿನವರಿಗೆ ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಡಲು ಹೇಳುತ್ತಿದ್ದರು. ಇನ್ನು ಕೆಲವು ನೀಲಿ ಹೂಗಳದ್ದು ಒಂದು ಚೋದ್ಯ. ಅಜೆರೇಟಮ್, ಮಾರ್ನಿಂಗ್ ಗ್ಲೋರಿಯಂಥವು ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು ಬೆಳಕನ್ನೂ ಹೊರಚೆಲ್ಲುತ್ತವೆ. ಕಣ್ಣು ಅದನ್ನು ಬಿಟ್ಟುಬಿಡುತ್ತದೆ, ಬಣ್ಣದ ಫಿಲ್ಮು ಬಿಡುವುದಿಲ್ಲ. ನೀಲಿ ಹೂ ಗುಲಾಬಿಗೆ ತಿರುಗಿ ಬಂದದ್ದು ನೋಡಿ ಲ್ಯಾಬಿನವರನ್ನು ಬೈದವರಿದ್ದಾರೆ, ಪಾಪ ಅವರದೇನೂ ತಪ್ಪಿಲ್ಲ.

ಬೆಂಗಳೂರು ಸ್ಲೈಡಿನ ಊರಾಗಿತ್ತು ಅಂದರೆ ಅತಿಶಯವಲ್ಲ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ಊರು. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕೂಟಗಳಲ್ಲಿ ಹವ್ಯಾಸಿಗಳು ಪಳಗುತ್ತಿದ್ದರು. ಆಗಿನ ಸಲೋನ್ ಅನ್ನುವ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಸ್ಲೈಡಿಗೇ ಪ್ರತ್ಯೇಕ ವಿಭಾಗ. ಕತ್ತಲು ಹಾಲಿನಲ್ಲಿ ಪರದೆಯ ಮೇಲೆ ಚಿತ್ರ ಕೆಲವೇ ಸೆಕೆಂಡು ಬಿದ್ದು ಹೋಗುತ್ತದೆ, ಅಷ್ಟರಲ್ಲಿ ತೀರ್ಪುಗಾರರು ಅಂಕ ಕೊಡಬೇಕು. ಹೀಗಿರುವಾಗ ಬಣ್ಣ ಗಟ್ಟಿ ಇದ್ದವನೇ ಗೆಲ್ಲುತ್ತಾನಲ್ಲ! ವೆಲ್ವಿಯಾದಿಂದ ಕೆಟ್ಟ ರುಚಿಯೂ ಬೆಳೆಯಿತು ಅಂತ ನಾನು ಹೇಳುವುದು ಇದಕ್ಕೇ. ಆಕಾಶ ನೇರಳೆಯಾಗಿದ್ದರೆ ಸಾಕು, ಅದರ ಕೆಳಗೆ ಏನಿದೆ ಅಂತ ಕೇಳುವವರು ಕಡಿಮೆಯಾದರು. ಇವತ್ತು ಮೊಬೈಲಿನಲ್ಲಿ ಬೆರಳಾಡಿಸಿ ಬಣ್ಣ ಏರಿಸುವವರನ್ನು ಬೈಯುವ ಹಿರಿಯರಲ್ಲಿ ಅನೇಕರು ಆ ಪಂಕ್ತಿಯಲ್ಲೇ ಕೂತು ಉಂಡವರು.

ವಿದೇಶದ ಸಲೋನಿಗೆ ಕಳಿಸುವುದೆಂದರೆ ಎಷ್ಟೋ ಸಲ ಮೂಲ ಸ್ಲೈಡನ್ನೇ ಕಳಿಸುವುದು. ನಕಲು ಮಾಡಿಸಿದರೆ ಬಿಗಿ ಇನ್ನೂ ಹೆಚ್ಚಿ ಚಿತ್ರದ ಸೂಕ್ಷ್ಮ ಹೋಗುತ್ತದೆ. ಗಾಜಿನ ಮೌಂಟಿನಲ್ಲಿ ಹಾಕಿ ಕಳಿಸಿದರೆ ಗಾಜೊಡೆದು ಚಿತ್ರದ ಮೇಲೆ ಗೀರು, ಗಾಜಿಲ್ಲದೆ ಕಳಿಸಿದರೆ ಯಾರದೋ ಬೆರಳ ಗುರುತು.

2005ರಲ್ಲಿ ಕಚ್ಚಾ ಸಾಮಗ್ರಿ ಸಿಗದೆ ವೆಲ್ವಿಯಾ ನಿಲ್ಲುತ್ತದೆಂದು ಫ್ಯೂಜಿ ಹೇಳಿದಾಗ ಬಹಳ ಕಡೆಯಿಂದ ಬೇಡಿಕೆ ಹೋಯಿತು, 2007ರಲ್ಲಿ ವೆಲ್ವಿಯಾ 50 ಅಂತ ಮತ್ತೆ ಬಂತು. ಕೊಡಾಕ್ರೋಮಿಗೆ ಆ ಭಾಗ್ಯವಿರಲಿಲ್ಲ. 2009ರಲ್ಲಿ ಕೊಡಾಕ್ ಅದನ್ನು ನಿಲ್ಲಿಸಿತು. ಕೊನೆಗೆ ತಯಾರಾದ ರೋಲು ಛಾಯಾಗ್ರಾಹಕ ಸ್ಟೀವ್ ಮೆಕರಿ ಅವರ ಕೈಗೆ ಹೋಯಿತು, ಅವರು ಅದರಲ್ಲಿ ಒಂದಷ್ಟನ್ನು ಮುಂಬಯಿಯಲ್ಲೂ ರಾಜಸ್ಥಾನದ ರಬಾರಿ ಜನರ ನಡುವೆಯೂ ತೆಗೆದರು. ಕೊಡಾಕ್ರೋಮನ್ನು ಸಂಸ್ಕರಿಸುತ್ತಿದ್ದ ಕೊನೆಯ ಲ್ಯಾಬು, ಅಮೆರಿಕದ ಕಾನ್ಸಸ್ ರಾಜ್ಯದ ಪಾರ್ಸನ್ಸ್ ಊರಿನದು, 2010ರ ಡಿಸೆಂಬರ್ ಕೊನೆಗೆ ಆ ಕೆಲಸ ನಿಲ್ಲಿಸಿತು.

ನಿಮ್ಮ ಮನೆಯ ಅಟ್ಟದಲ್ಲಿ ಅಪ್ಪನದೋ ಮಾವನದೋ ಸ್ಲೈಡ್ ಡಬ್ಬಿ ಇದ್ದರೆ ಈ ಮಳೆಗಾಲಕ್ಕೆ ಮುಂಚೆ ಕೆಳಗಿಳಿಸಿ. ಮಲೆನಾಡು ಕರಾವಳಿಯ ತೇವಕ್ಕೆ ಜಿಲೆಟಿನ್ ಪದರದ ಮೇಲೆ ಬೂಷ್ಟು ಹಿಡಿಯುತ್ತದೆ, ಬಲೆಬಲೆಯಾಗಿ ಹಬ್ಬುತ್ತದೆ. ನೀರಿನ ಬಟ್ಟೆಯಲ್ಲಿ ಒರೆಸಬೇಡಿ, ಬೂಷ್ಟಿನ ಜೊತೆ ಚಿತ್ರವೂ ಎದ್ದು ಬರುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಸಾಕು. ಸ್ಲೈಡನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಮೇಲ್ಮೈಯಲ್ಲಿ ಉಬ್ಬುತಗ್ಗು ಕಂಡರೆ ಅದು ಕೊಡಾಕ್ರೋಮ್. ಕತ್ತಲಲ್ಲಿಟ್ಟರೆ ಅದರ ಬಣ್ಣ ಬಹುಕಾಲ ಮಾಸದು, ಆದರೆ ಪ್ರೊಜೆಕ್ಟರಿನ ದೀಪಕ್ಕೆ ಬೇಗ ಮಾಸುತ್ತದೆ. ಮೌಂಟು ಬಿಚ್ಚಿದಾಗ ಫಿಲ್ಮಿನ ಅಂಚಿನಲ್ಲಿ ಆರ್‌ವಿಪಿ ಅನ್ನುವ ಮೂರು ಅಕ್ಷರ ಕಂಡರೆ ಅದು ವೆಲ್ವಿಯಾ. ಸ್ಕ್ಯಾನ್ ಮಾಡಿಸುವಾಗ ಇದನ್ನು ಅಂಗಡಿಯವರಿಗೆ ಹೇಳಿ. ಧೂಳು ತಾನಾಗಿ ಅಳಿಸುವ ಸ್ಕ್ಯಾನರಿನ ಇನ್‌ಫ್ರಾರೆಡ್ ಸೌಲಭ್ಯ ವೆಲ್ವಿಯಾದ ಮೇಲೆ ಸರಿಯಾಗಿ ನಡೆಯುತ್ತದೆ, ಕೊಡಾಕ್ರೋಮಿನ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಅದಕ್ಕೆ ಧೂಳನ್ನು ಮೊದಲೇ ಗಾಳಿ ಬುರುಡೆಯಿಂದ ಊದಿಸಿಕೊಳ್ಳಬೇಕು.

ನಮಸ್ಕಾರ.