ಸಿಂಗಪುರದಲ್ಲಿ ಮೊದಲ ದಿನ

ಕೇಳುಗರಿಗೆ ನಮಸ್ಕಾರ. ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಿಂದ ಸಿಂಗಪುರ ಪ್ರವಾಸಕ್ಕೆ ಹೊರಡುವ ವಿದ್ಯಾರ್ಥಿಗಳಿಗೂ ಅವರನ್ನು ಕರೆದೊಯ್ಯುವ ಮೇಷ್ಟ್ರುಗಳಿಗೂ ಇವತ್ತು ಮೊದಲ ದಿನದ ಬಗ್ಗೆ ಮಾತ್ರ ಹೇಳುತ್ತೇನೆ. ಪ್ರವಾಸ ಕೆಡುವುದು ಹೆಚ್ಚಾಗಿ ಆ ದಿನವೇ.

ಲೆಕ್ಕ ಹಾಕಿ ನೋಡಿ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ವಿಮಾನ ಹೊರಡುವುದಕ್ಕೆ ಮೂರು ಗಂಟೆ ಮೊದಲೇ ದೇವನಹಳ್ಳಿಯಲ್ಲಿರಬೇಕು. ರಾತ್ರಿ 11ರ ವಿಮಾನವಾದರೆ ಮಧ್ಯಾಹ್ನ ಒಂದರೊಳಗೆ ಊರು ಬಿಡಬೇಕಾಯಿತು. ಹಾರಾಟ ಸುಮಾರು ನಾಲ್ಕೂವರೆ ಗಂಟೆ, ಅಲ್ಲಿನ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಇಳಿದಾಗ ಗಡಿಯಾರದಲ್ಲಿ ಬೆಳಗಿನ ಆರು, ಮಕ್ಕಳ ಮೈಗೆ ಇನ್ನೂ ಮೂರೂವರೆ. ಹೋಟೆಲಿನಲ್ಲಿ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು–ಮೂರರ ಮೇಲೆ. ಆದ್ದರಿಂದ ಚೀಲಗಳನ್ನು ಬೆಳಿಗ್ಗೆಯೇ ಇಟ್ಟುಕೊಳ್ಳುತ್ತಾರೆಯೇ ಎಂದು ಊರಿನಿಂದಲೇ ಕೇಳಿಕೊಳ್ಳಿ. ಯೂನಿವರ್ಸಲ್ ಸ್ಟುಡಿಯೋಸ್‌ನಂಥ ದುಬಾರಿ ಟಿಕೆಟ್‌ನ ಜಾಗವನ್ನು ಆ ದಿನ ಇಡಲೇಬೇಡಿ. ನಿದ್ದೆಗೆಟ್ಟ ಮಕ್ಕಳು ಅರ್ಧವೂ ನೋಡುವುದಿಲ್ಲ.

ಹೊರಡುವ ಮುಂಚಿನ ಎರಡು ಕೆಲಸ. ವೀಸಾ ಇದ್ದರೂ ಆಗಮನ ಕಾರ್ಡನ್ನು ಆನ್‌ಲೈನ್‌ನಲ್ಲಿ ಬೇರೆ ತುಂಬಬೇಕು. ತಲುಪುವ ದಿನವೂ ಸೇರಿ ಮೂರು ದಿನಗಳೊಳಗೆ, ಸರ್ಕಾರಿ ತಾಣದಲ್ಲೇ. ಅದು ಉಚಿತ, ದುಡ್ಡು ಕೇಳಿದರೆ ನೀವು ಬೇರೆ ತಾಣಕ್ಕೆ ಹೋಗಿದ್ದೀರಿ ಎಂದೇ ಅರ್ಥ. ಇನ್ನೊಂದು, ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನು ನೀವೇ ಚಾಲೂ ಮಾಡಿಕೊಳ್ಳಬೇಕು. ಗುಟ್ಕಾ, ಜಗಿಯುವ ತಂಬಾಕು, ಇ-ಸಿಗರೇಟು, ಚ್ಯೂಯಿಂಗ್ ಗಮ್ ಅಲ್ಲಿ ನಿಷಿದ್ಧ. ಜೇಬು, ಚೀಲದ ಮೂಲೆ ಎಲ್ಲ ಮನೆಯಲ್ಲೇ ತಡಕಿ ನೋಡಿ.

ಇನ್ನು ಮೆಟ್ರೋ. ಅದನ್ನು ಅಲ್ಲಿ ಎಂಆರ್‌ಟಿ ಅನ್ನುತ್ತಾರೆ. ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡಿನಲ್ಲಿ ಇಬ್ಬರು ದಾಟಲಾಗದು. ಒಳಹೋಗುವಾಗ ಮುಟ್ಟಿಸಿದ್ದನ್ನೇ ಹೊರಬರುವಾಗಲೂ ಮುಟ್ಟಿಸಬೇಕು. ಹೋಗುವಾಗ ಫೋನು, ಬರುವಾಗ ಕಾರ್ಡು ಎಂದಾದರೆ ಯಂತ್ರ ಅವೆರಡನ್ನೂ ಬೇರೆ ಬೇರೆ ಪ್ರಯಾಣ ಎಂದುಕೊಂಡು ಹೆಚ್ಚು ಹಣ ಕತ್ತರಿಸುತ್ತದೆ. ರೈಲಿನೊಳಗೆ ತಿನ್ನುವಂತಿಲ್ಲ, ನೀರೂ ಕುಡಿಯುವಂತಿಲ್ಲ. ದಂಡ ಸಿಂಗಪುರದ 500 ಡಾಲರ್‌ವರೆಗೆ. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಿ, ಅವಸರದವರು ಬಲಕ್ಕೆ ನಡೆಯುತ್ತಾರೆ.

ಮೂವತ್ತು ಜನರ ತಂಡಕ್ಕೆ ದೊಡ್ಡ ಅಪಾಯ ಬಾಗಿಲು. ಅರ್ಧ ಜನ ಹತ್ತುವಷ್ಟರಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಆರಾರು ಮಂದಿಯ ಗುಂಪು ಮಾಡಿ, ಒಂದೊಂದು ಗುಂಪು ಒಂದೊಂದು ಬಾಗಿಲಿಗೆ ನಿಲ್ಲಲಿ. ಆದರೂ ತಪ್ಪಿದರೆ ನಿಯಮ ಒಂದೇ: ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಪ್ಲಾಟ್‌ಫಾರ್ಮ್‌ನಲ್ಲೇ ಕಾಯುವುದು, ಉಳಿದವರು ಮುಂದಿನ ರೈಲಿನಲ್ಲಿ ಅಲ್ಲಿಗೇ ಬರುವುದು. ಹಿಂದಿರುಗಿ ಹುಡುಕಿಕೊಂಡು ಬರುವುದು ಬೇಡವೇ ಬೇಡ. ಎರಡೂ ಕಡೆಯವರು ಹುಡುಕತೊಡಗಿದರೆ ಯಾರಿಗೂ ಯಾರೂ ಸಿಗುವುದಿಲ್ಲ.

ಬೆಳಗಿನ ತಿಂಡಿಗೆ ಲಿಟಲ್ ಇಂಡಿಯಾ ಒಳ್ಳೆಯದು. ಇಡ್ಲಿ, ದೋಸೆ, ಫಿಲ್ಟರ್ ಕಾಫಿ ಎಲ್ಲ ಸಿಗುತ್ತದೆ; ಬೆಣ್ಣೆದೋಸೆಯ ರುಚಿ ಮಾತ್ರ ಹುಡುಕಬೇಡಿ. ಹಾಕರ್ ಸೆಂಟರ್‌ಗಳಲ್ಲಿ (ಒಂದೇ ಸೂರಿನಡಿ ಹಲವು ತಿನಿಸಿನ ಮಳಿಗೆಗಳಿರುವ ಜಾಗ) ಸಸ್ಯಾಹಾರಿಗಳು ಕೇಳಿಯೇ ಕೊಳ್ಳಬೇಕು. ಬರೀ ಸೊಪ್ಪಿನಂತೆ ಕಾಣುವ ಪಲ್ಯದಲ್ಲೂ ಒಣ ಸೀಗಡಿ ಅರೆದು ಹಾಕಿರುವುದುಂಟು. ತಿಂದ ತಟ್ಟೆಯನ್ನು ನಾವೇ ಒಯ್ದು ಇಡಬೇಕು, 2021ರಿಂದ ಅದು ಕಡ್ಡಾಯ.

ಮಧ್ಯಾಹ್ನ ಕೋಣೆ ಸಿಕ್ಕ ಮೇಲೆ ಎರಡು ಗಂಟೆ ಮಲಗಲಿ. ಅಲ್ಲಿನ ಬಿಸಿಲು ನಮ್ಮ ಬಯಲುಸೀಮೆಯದಲ್ಲ. ಸಮಭಾಜಕ ವೃತ್ತದ ಹತ್ತಿರದ ದ್ವೀಪ; ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದು, ಮೈ ತಣಿಯದು. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ತುಂಬಿಸಿಕೊಳ್ಳುತ್ತಲೇ ಇರಿ. ಸಂಜೆಯ ಹೊತ್ತಿಗೆ ಮಳೆ ಸುರಿಯುವುದು ಸಾಮಾನ್ಯ, ಕೊಡೆ ಇರಲಿ.

ಸಂಜೆ ಐದಕ್ಕೆ ರಾಫೆಲ್ಸ್ ಪ್ಲೇಸ್ ನಿಲ್ದಾಣದಲ್ಲಿ ಇಳಿದು ಮೆರ್ಲಯನ್‌ಗೆ ನಡೆಯಿರಿ. ಸಿಂಹದ ತಲೆ, ಮೀನಿನ ಮೈಯ ಈ ಪ್ರತಿಮೆ 8.6 ಮೀಟರ್ ಎತ್ತರ, 1972ರದು. ಅಲ್ಲಿಂದ ಜುಬಿಲಿ ಸೇತುವೆ, ಎಸ್ಪ್ಲನೇಡ್ ರಂಗಮಂದಿರ, ಹೀಲಿಕ್ಸ್ ಸೇತುವೆ ದಾಟಿ ನೀರಿನ ಅಂಚಿನಲ್ಲೇ ಗಾರ್ಡನ್ಸ್ ಬೈ ದ ಬೇ ತಲುಪಬಹುದು. ಇಡೀ ದಾರಿಗೆ ಟಿಕೆಟ್ ಇಲ್ಲ. ಉದ್ಯಾನದಲ್ಲೂ ಗಾಜಿನ ಮನೆಗಳಂಥ ಕೆಲವು ಜಾಗಗಳಿಗಷ್ಟೇ ಟಿಕೆಟ್. 25ರಿಂದ 50 ಮೀಟರ್ ಎತ್ತರದ, ಮರದ ಆಕಾರದಲ್ಲಿ ಕಟ್ಟಿದ ಸೂಪರ್‌ಟ್ರೀಗಳ ಕೆಳಗೆ ರಾತ್ರಿ 7.45ಕ್ಕೆ ನಡೆಯುವ ಬೆಳಕಿನ ಪ್ರದರ್ಶನ ಉಚಿತ.

ಪ್ರದರ್ಶನ ಮುಗಿದ ಕ್ಷಣ ಜನವೆಲ್ಲ ಬೇಫ್ರಂಟ್ ನಿಲ್ದಾಣದ ಕಡೆ ನುಗ್ಗುತ್ತಾರೆ. ಆ ಕತ್ತಲೆ, ನೂಕುನುಗ್ಗಲಲ್ಲಿ ತಲೆ ಎಣಿಸಲು ಹೋಗಬೇಡಿ. ಶುರುವಾಗುವ ಮುಂಚೆಯೇ ಒಂದು ಮರ ಗೊತ್ತುಮಾಡಿ, ಮುಗಿದ ಮೇಲೆ ಎಲ್ಲರೂ ಅದರ ಬುಡಕ್ಕೆ ಬರಲಿ, ಕಾಲು ಗಂಟೆ ಕೂತು ಜನ ಕರಗಿದ ಮೇಲೆ ಹೊರಡಿ.